ಹದಿನೇಳು ಊರು, ಒಂದು ಆಕಾಶ

ದೆಹಲಿಯ ಧೌಲಾ ಕುವಾಂ ದಾಟಿ ವಿಮಾನ ನಿಲ್ದಾಣದ ಕಡೆಗೆ ಸಾಗುವಾಗ ಹೆದ್ದಾರಿಯ ಪಕ್ಕದಲ್ಲಿ ಸುಬ್ರೊತೊ ಪಾರ್ಕ್ ಎಂಬ ಆವರಣವೊಂದು ಎದುರಾಗುತ್ತದೆ. ಊರಿಗೆಂದು ಬೆಂಗಳೂರಿನ ವಿಮಾನ ಹಿಡಿಯಲು ಹೊರಟ ನಮ್ಮ ಸಂಘದ ಸದಸ್ಯರಲ್ಲಿ ಬಹುತೇಕರು ಈ ಗೋಡೆಯ ಪಕ್ಕದಿಂದಲೇ ಹಾದುಹೋಗಿರುತ್ತಾರೆ. ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಸುಬ್ರೊತೊ ಮುಖರ್ಜಿಯವರ ಹೆಸರನ್ನು ಹೊತ್ತ ಈ ಆವರಣದಲ್ಲಿ ಪಶ್ಚಿಮ ವಾಯು ಕಮಾಂಡಿನ ಕೇಂದ್ರ ಕಛೇರಿ ಇದೆ. ಲಡಾಖಿನ ಹಿಮಶಿಖರಗಳಿಂದ ರಾಜಸ್ಥಾನದ ಮರಳುಗಾಡಿನ ಉತ್ತರದ ಅಂಚಿನವರೆಗಿನ ಆಕಾಶವನ್ನು ಕಾಯುವ ಹೊಣೆ ಇಲ್ಲಿಯ ಅಧಿಕಾರಿಗಳದು. ಇಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ರಫಿ ಮಾರ್ಗದ ಬಳಿ, ಇಡೀ ವಾಯುಪಡೆಯ ಪ್ರಧಾನ ಕಛೇರಿಯಾದ ವಾಯು ಭವನವಿದೆ. ಒಂದೇ ನಗರದಲ್ಲಿ ಎರಡು ಅಧಿಕಾರ ಕೇಂದ್ರಗಳು. ಒಂದು ದೇಶಕ್ಕೆಲ್ಲ, ಇನ್ನೊಂದು ದೇಶದ ಒಂದು ಭಾಗಕ್ಕೆ.

2025ರ ಮೇ 7ರಿಂದ 10ರವರೆಗೆ ನಡೆದ ಸಂಘರ್ಷದ ನಂತರ ಸಂಘದ ಪಡಸಾಲೆಯಲ್ಲಿ ಸೇನಾ ವಿಷಯಗಳ ಚರ್ಚೆ ಹೆಚ್ಚಾಗಿದೆ. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಒಂದೇ: ಇಷ್ಟೊಂದು ಕಮಾಂಡುಗಳೇಕೆ? ಮೂರೂ ಪಡೆಗಳನ್ನು ಪ್ರದೇಶವಾರು ಒಬ್ಬೊಬ್ಬ ಅಧಿಕಾರಿಯ ಕೈಕೆಳಗೆ ತಂದರೆ ಆಗದೆ? ಪ್ರಶ್ನೆ ಸರಳವಾಗಿ ಕಾಣುತ್ತದೆ, ಉತ್ತರ ಅಷ್ಟು ಸರಳವಲ್ಲ. ನಾನು ಸಮವಸ್ತ್ರ ತೊಟ್ಟವನಲ್ಲ. ಮೂರು ದಶಕಗಳ ಕಾಲ ಕೇಂದ್ರ ಸರ್ಕಾರದ ಕಡತಗಳ ನಡುವೆ ಬದುಕಿದವನು. ಆಡಳಿತದ ನಕ್ಷೆಯ ಮೇಲೆ ಎಳೆದ ಗೆರೆಯೊಂದು ಹೇಗೆ ಕೆಲಸವನ್ನು ಸುಗಮಗೊಳಿಸುತ್ತದೆ, ಹೇಗೆ ಕೆಡಿಸುತ್ತದೆ ಎಂಬುದನ್ನು ಮಾತ್ರ ಸ್ವಲ್ಪ ಬಲ್ಲೆ. ಇಲ್ಲಿರುವ ಸಂಗತಿಗಳೆಲ್ಲ ಸಾರ್ವಜನಿಕ ದಾಖಲೆಗಳಲ್ಲಿ ಇರುವಂಥವು. ಅಭಿಪ್ರಾಯ ಮಾತ್ರ ನನ್ನ ಸ್ವಂತದ್ದು.

ಮೊದಲು ವಾಯುಪಡೆಯ ರಚನೆಯನ್ನು ತಿಳಿಯೋಣ. ಅದು ಏಳು ಕಮಾಂಡುಗಳಾಗಿ ವಿಂಗಡಣೆಗೊಂಡಿದೆ. ಐದು ಕಮಾಂಡುಗಳು ಪ್ರದೇಶವನ್ನು ಆಧರಿಸಿದವು, ಯುದ್ಧ ಮಾಡುವಂಥವು: ದೆಹಲಿಯಲ್ಲಿ ಪಶ್ಚಿಮ, ಶಿಲ್ಲಾಂಗಿನಲ್ಲಿ ಪೂರ್ವ, ಪ್ರಯಾಗರಾಜದಲ್ಲಿ ಮಧ್ಯ, ಗಾಂಧಿನಗರದಲ್ಲಿ ನೈಋತ್ಯ, ತಿರುವನಂತಪುರದಲ್ಲಿ ದಕ್ಷಿಣ. ಉಳಿದೆರಡು ಕಾರ್ಯವನ್ನು ಆಧರಿಸಿದವು: ಬೆಂಗಳೂರಿನ ತರಬೇತಿ ಕಮಾಂಡ್ ಮತ್ತು ನಾಗಪುರದ ನಿರ್ವಹಣಾ ಕಮಾಂಡ್. ಪ್ರತಿಯೊಂದಕ್ಕೂ ಏರ್ ಮಾರ್ಷಲ್ ದರ್ಜೆಯ ಅಧಿಕಾರಿಯೊಬ್ಬರು ಮುಖ್ಯಸ್ಥರು. ಕಮಾಂಡಿನ ಕೆಳಗೆ ವಿಂಗುಗಳು, ಅವುಗಳ ಕೆಳಗೆ ಸ್ಕ್ವಾಡ್ರನ್ನುಗಳು. ಸಾಮಾನ್ಯವಾಗಿ ಹದಿನಾರರಿಂದ ಹದಿನೆಂಟು ಯುದ್ಧವಿಮಾನಗಳಿಗೆ ಒಂದು ಸ್ಕ್ವಾಡ್ರನ್ ಎಂಬುದು ಲೆಕ್ಕ.

ಈ ಏಳೂ ಒಂದೇ ದಿನ ಒಂದೇ ಯೋಜನೆಯಿಂದ ಹುಟ್ಟಿದವಲ್ಲ. 1949ರಲ್ಲಿ ಕಾರ್ಯಾಚರಣೆಗೊಂದು, ತರಬೇತಿಗೊಂದು ಎಂದು ಆದ ವಿಂಗಡಣೆಯೇ ಮೂಲ. ನಿರ್ವಹಣಾ ಕಮಾಂಡ್ 1955ರಲ್ಲಿ ಕಾನಪುರದಲ್ಲಿ ಹುಟ್ಟಿ ನಂತರ ನಾಗಪುರಕ್ಕೆ ಬಂತು. ಪೂರ್ವ ಗಡಿಯ ಚಿಂತೆ ಹೆಚ್ಚಾದಾಗ 1958ರಲ್ಲಿ ಕಲ್ಕತ್ತೆಯಲ್ಲಿ ಒಂದು ಕಾರ್ಯಾಚರಣಾ ಸಮೂಹ ಸ್ಥಾಪನೆಯಾಯಿತು. ಮರುವರ್ಷ ಅದೇ ಪೂರ್ವ ವಾಯು ಕಮಾಂಡ್ ಆಯಿತು. 1962ರ ಚೀನಾ ಯುದ್ಧದ ಕಹಿ ಅನುಭವದ ತರುವಾಯ, 1963ರಲ್ಲಿ, ಅದನ್ನು ಶಿಲ್ಲಾಂಗಿಗೆ ಸಾಗಿಸಲಾಯಿತು. 1962ರಲ್ಲೇ ಕಲ್ಕತ್ತೆಯಲ್ಲಿ ಜನ್ಮ ತಾಳಿದ ಮಧ್ಯ ಕಮಾಂಡ್ 1966ರಲ್ಲಿ ಅಲಹಾಬಾದಿಗೆ ಹೋಯಿತು. ನೈಋತ್ಯ ಕಮಾಂಡ್ 1980ರಲ್ಲಿ ಜೋಧಪುರದಲ್ಲಿ ಆರಂಭವಾಗಿ 1998ರಲ್ಲಿ ಗಾಂಧಿನಗರಕ್ಕೆ ಬಂತು. ದಕ್ಷಿಣ ಕಮಾಂಡ್ ಸ್ಥಾಪನೆಯಾದದ್ದು 1984ರಲ್ಲಿ. ಏಳರಲ್ಲಿ ನಾಲ್ಕು ಹುಟ್ಟಿದ ಊರಿನಲ್ಲಿ ಉಳಿದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಕಮಾಂಡಿನ ಎಲ್ಲೆಯಾಗಲಿ ನೆಲೆಯಾಗಲಿ ಶಾಸನದ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಆಯಾ ಕಾಲದ ಭಯ, ಆಯಾ ಯುದ್ಧದ ಪಾಠ ಅದನ್ನು ರೂಪಿಸಿದೆ. ಇಂದು ಬದಲಾವಣೆ ಎಂದೊಡನೆ ಪರಂಪರೆಯ ಹೆಸರು ಹೇಳಿ ಬೆಚ್ಚುವವರು ಈ ಇತಿಹಾಸವನ್ನು ನೆನೆಯುವುದು ಒಳಿತು.

ಪ್ರದೇಶವಾರು ವಿಂಗಡಣೆಯೇ ಏಕೈಕ ಮಾರ್ಗವೂ ಅಲ್ಲ. ಬ್ರಿಟನ್ 1936ರಲ್ಲಿ ತನ್ನ ವಾಯುಪಡೆಯನ್ನು ಕೆಲಸದ ಆಧಾರದ ಮೇಲೆ ಒಡೆಯಿತು: ಬಾಂಬರ್ ಕಮಾಂಡ್, ಫೈಟರ್ ಕಮಾಂಡ್, ಕರಾವಳಿ ಕಮಾಂಡ್, ತರಬೇತಿ ಕಮಾಂಡ್. 1940ರಲ್ಲಿ ಬ್ರಿಟನ್ನಿನ ಆಕಾಶವನ್ನು ಉಳಿಸಿದ ಡೌಡಿಂಗ್ ಇದೇ ಫೈಟರ್ ಕಮಾಂಡಿನ ಮುಖ್ಯಸ್ಥರು. ಅಮೆರಿಕವೂ ಎರಡನೆಯ ಮಹಾಯುದ್ಧದ ನಂತರ ಅಣ್ವಸ್ತ್ರ ಹೊರುವ ವಿಮಾನಗಳಿಗೊಂದು, ರಣರಂಗದ ವಿಮಾನಗಳಿಗೊಂದು ಕಮಾಂಡ್ ಕಟ್ಟಿತು. ಶೀತಲ ಸಮರ ಮುಗಿದ ಮೇಲೆ 1992ರಲ್ಲಿ ಅವೆರಡನ್ನೂ ವಿಸರ್ಜಿಸಿ ಹೊಸ ವ್ಯವಸ್ಥೆಗೆ ಹೋಯಿತು. ನಮ್ಮದು ವಿಶಾಲವಾದ ದೇಶ, ಎರಡು ದಿಕ್ಕಿನಲ್ಲಿ ವಿವಾದಿತ ಗಡಿ, ಅಂದಿನ ಸಂಪರ್ಕ ಸಾಧನಗಳೋ ದುರ್ಬಲ. ಆದುದರಿಂದ ಪ್ರದೇಶವನ್ನು ಆಧಾರವಾಗಿ ಆರಿಸಿಕೊಂಡದ್ದು ಆ ಕಾಲಕ್ಕೆ ಸಹಜವೇ ಆಗಿತ್ತು.

ಆದರೆ ವಿಮಾನವು ಈ ಗೆರೆಗಳನ್ನು ಎಂದೂ ಒಪ್ಪಿಕೊಂಡಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ಹೊಣೆ ಪಶ್ಚಿಮ ವಾಯು ಕಮಾಂಡಿನದು. ಟೈಗರ್ ಹಿಲ್ ಮೇಲೆ ಲೇಸರ್ ನಿರ್ದೇಶಿತ ಬಾಂಬು ಹಾಕಿದ ಮಿರಾಜ್‌ಗಳ ಮೂಲ ನೆಲೆಯಾದ ಗ್ವಾಲಿಯರ್ ಮಧ್ಯ ಕಮಾಂಡಿನದು. 2019ರ ಫೆಬ್ರವರಿ 26ರ ಬಾಲಾಕೋಟ್ ದಾಳಿಯಲ್ಲೂ ಇದೇ ಕತೆ. ಗ್ವಾಲಿಯರಿನಿಂದ ಮಿರಾಜ್‌ಗಳು ಏರಿದವು, ಕಾರ್ಯಾಚರಣೆಯ ಹೊಣೆ ಸುಬ್ರೊತೊ ಪಾರ್ಕಿನದಾಗಿತ್ತು. ಮಧ್ಯ ಕಮಾಂಡಿನ ವಿಮಾನ ಪಶ್ಚಿಮದ ಯುದ್ಧಕ್ಕೆ ಹೋಗಲು ಯಾರೂ ತಿಂಗಳುಗಟ್ಟಲೆ ಪತ್ರವ್ಯವಹಾರ ನಡೆಸಲಿಲ್ಲ. ಏಕೆಂದರೆ ಇಬ್ಬರಿಗೂ ಮೇಲಧಿಕಾರಿ ಒಬ್ಬರೇ, ವಾಯು ಭವನದಲ್ಲಿ ಕುಳಿತವರು. ನಮ್ಮ ರೈಲ್ವೆಯನ್ನು ನೋಡಿ. ಹುಬ್ಬಳ್ಳಿಯ ನೈಋತ್ಯ ವಲಯಕ್ಕೆ ತನ್ನದೇ ಆದ ಎಲ್ಲೆ ಉಂಟು, ಜನರಲ್ ಮ್ಯಾನೇಜರ್ ಉಂಟು. ಆದರೆ ಬಳ್ಳಾರಿಯಲ್ಲಿ ಅದಿರು ತುಂಬಿಕೊಂಡ ಗೂಡ್ಸ್ ಗಾಡಿ ವಲಯದ ಗಡಿಯಲ್ಲಿ ನಿಂತು ಸರಕನ್ನು ಇನ್ನೊಂದು ಗಾಡಿಗೆ ಸುರಿಯುವುದಿಲ್ಲ. ವಲಯ ಆಡಳಿತದ ಅನುಕೂಲಕ್ಕೆ. ವ್ಯಾಗನ್ನು ಇಡೀ ದೇಶಕ್ಕೆ. ವಾಯುಪಡೆಯ ಕಮಾಂಡುಗಳೂ ಇಷ್ಟರ ಮಟ್ಟಿಗೆ ಇಂಥವೇ.

ಹಾಗಿದ್ದರೆ ಕೊರತೆ ಎಲ್ಲಿದೆ? ಅದು ಕಾಣುವುದು ವಾಯುಪಡೆಯ ನಕ್ಷೆಯ ಮೇಲೆ ಭೂಸೇನೆಯ ಮತ್ತು ನೌಕಾಪಡೆಯ ನಕ್ಷೆಗಳನ್ನು ಇಟ್ಟು ನೋಡಿದಾಗ. ಭೂಸೇನೆಗೂ ಏಳು ಕಮಾಂಡುಗಳು: ಉಧಂಪುರ, ಚಂಡಿಮಂದಿರ, ಲಖನೌ, ಕೋಲ್ಕತ್ತ, ಪುಣೆ, ಜೈಪುರ, ಶಿಮ್ಲಾ. ನೌಕಾಪಡೆಗೆ ಮೂರು: ಮುಂಬಯಿ, ವಿಶಾಖಪಟ್ಟಣ, ಕೊಚ್ಚಿ. ವಾಯುಪಡೆಯ ಏಳನ್ನು ಸೇರಿಸಿದರೆ ಒಟ್ಟು ಹದಿನೇಳು. ಈ ಹದಿನೇಳು ಕೇಂದ್ರ ಕಛೇರಿಗಳು ಹದಿನೇಳು ಬೇರೆ ಬೇರೆ ಊರುಗಳಲ್ಲಿವೆ. ಎರಡು ಪಡೆಗಳ ಕಮಾಂಡುಗಳು ಒಂದೇ ಊರಿನಲ್ಲಿರುವ ಒಂದೇ ಒಂದು ಉದಾಹರಣೆ ಇಲ್ಲ. 'ಪೂರ್ವ' ಎಂದರೆ ಸೈನಿಕನಿಗೆ ಕೋಲ್ಕತ್ತ, ವಿಮಾನ ಚಾಲಕನಿಗೆ ಶಿಲ್ಲಾಂಗ್, ನಾವಿಕನಿಗೆ ವಿಶಾಖಪಟ್ಟಣ. 'ದಕ್ಷಿಣ' ಎಂದರೆ ಪುಣೆ, ತಿರುವನಂತಪುರ, ಕೊಚ್ಚಿ. ಉಧಂಪುರ, ಕೋಲ್ಕತ್ತಗಳಂಥ ಕಡೆ ಸೈನಿಕರ ಜೊತೆ ಕುಳಿತುಕೊಳ್ಳಲು ವಾಯುಪಡೆ ತನ್ನ ಹಿರಿಯ ಅಧಿಕಾರಿಗಳನ್ನು ಇರಿಸಿದೆ ನಿಜ. ಆದರೆ ಪ್ರತಿನಿಧಿಯನ್ನು ಕಳುಹಿಸುವುದು ಬೇರೆ, ಒಟ್ಟಿಗೆ ಕುಳಿತು ನಿರ್ಣಯಿಸುವುದು ಬೇರೆ.

ಎದುರಿಗಿರುವ ಚೀನಾ 2016ರಲ್ಲಿ ತನ್ನ ಸೇನೆಯನ್ನು ಐದು ಸಂಯುಕ್ತ ಕಮಾಂಡುಗಳಾಗಿ ಪುನರ್ರಚಿಸಿತು. ಭಾರತದ ಇಡೀ ಗಡಿಯನ್ನು ಅಲ್ಲಿ ನೋಡಿಕೊಳ್ಳುವುದು ಚೆಂಗ್ಡು ನಗರದಲ್ಲಿರುವ ಒಂದೇ ಪಶ್ಚಿಮ ಕಮಾಂಡ್. ಅದೇ ಗಡಿಗೆ ನಮ್ಮ ಕಡೆಯಲ್ಲಿ ಭೂಸೇನೆಯ ನಾಲ್ಕು, ವಾಯುಪಡೆಯ ಮೂರು ಕಮಾಂಡುಗಳು ಉತ್ತರ ಹೇಳಬೇಕು. ಆಚೆ ಒಬ್ಬ, ಈಚೆ ಏಳು ಮಂದಿ.

ಈ ಕೊರತೆಯ ಅರಿವು ಹೊಸದಲ್ಲ. ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಅವರ ನೇತೃತ್ವದ ಪರಿಶೀಲನಾ ಸಮಿತಿ ರಕ್ಷಣಾ ವ್ಯವಸ್ಥೆಯ ದೋಷಗಳನ್ನು ಬಿಡಿಸಿಟ್ಟಿತು. ಮೂರೂ ಪಡೆಗಳಿಗೆ ಸಮಾನನಾದ ಮುಖ್ಯಸ್ಥನೊಬ್ಬ ಬೇಕೆಂದು ಸಚಿವರ ತಂಡ 2001ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಮೊದಲ ಸಂಯುಕ್ತ ಕಮಾಂಡ್ ಸ್ಥಾಪನೆಯಾಯಿತು. ಮುಖ್ಯಸ್ಥನ ಹುದ್ದೆಗೆ ಮಾತ್ರ ಹದಿನೆಂಟು ವರ್ಷ ಕಾಯಬೇಕಾಯಿತು. 2019ರ ಡಿಸೆಂಬರಿನಲ್ಲಿ ಸಂಪುಟ ಒಪ್ಪಿಗೆ ನೀಡಿ, 2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಮೊದಲ ಚೀಫ್ ಆಫ್ ಡಿಫೆನ್ಸ್ ಸ್ಟಾಫ್ ಆಗಿ ಅಧಿಕಾರ ವಹಿಸಿಕೊಂಡರು. ಪ್ರದೇಶವಾರು ಸಂಯುಕ್ತ ಕಮಾಂಡುಗಳ ಕನಸು ಅಲ್ಲಿಂದ ಗಟ್ಟಿಯಾಯಿತು. ಇವನ್ನು ಥಿಯೇಟರ್ ಕಮಾಂಡ್ ಎನ್ನುತ್ತಾರೆ. ನಾಟಕಕ್ಕೆ ಸಂಬಂಧಿಸಿದ್ದಲ್ಲ, ಸಮರರಂಗ ಎಂದು ಅರ್ಥ. ಪಾಕಿಸ್ತಾನದ ದಿಕ್ಕಿಗೊಂದು, ಚೀನಾದ ದಿಕ್ಕಿಗೊಂದು, ಸಮುದ್ರಕ್ಕೊಂದು ಎಂಬುದು ಅದರ ಸ್ಥೂಲ ರೂಪ. ಜನರಲ್ ರಾವತ್ 2021ರ ಡಿಸೆಂಬರಿನಲ್ಲಿ ಕೂನೂರಿನ ಬಳಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಮೇಲೂ ಆ ಯೋಜನೆ ನಿಲ್ಲಲಿಲ್ಲ. ಸಂಯುಕ್ತ ಸಂಸ್ಥೆಯ ಮುಖ್ಯಸ್ಥನಿಗೆ ಮೂರೂ ಪಡೆಗಳ ಸಿಬ್ಬಂದಿಯ ಮೇಲೆ ಶಿಸ್ತಿನ ಅಧಿಕಾರ ನೀಡುವ ಶಾಸನವನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು.

ಇದಕ್ಕೆ ಅಡ್ಡ ನಿಂತದ್ದು ಮುಖ್ಯವಾಗಿ ವಾಯುಪಡೆ. 2021ರ ಜುಲೈನಲ್ಲಿ ಜನರಲ್ ರಾವತ್ ಅವರು ವಾಯುಪಡೆಯನ್ನು ಫಿರಂಗಿದಳದಂತೆ, ಎಂಜಿನಿಯರ್ ದಳದಂತೆ, ನೆಲದ ಪಡೆಗಳ ಬೆಂಬಲಕ್ಕಿರುವ ಅಂಗವೆಂಬ ಅರ್ಥದಲ್ಲಿ ಮಾತನಾಡಿದಾಗ, ಅಂದಿನ ವಾಯುಪಡೆಯ ಮುಖ್ಯಸ್ಥ ಭದೌರಿಯಾ ಅದನ್ನು ಸಾರ್ವಜನಿಕವಾಗಿಯೇ ಒಪ್ಪಲಿಲ್ಲ. 2025ರ ಆಗಸ್ಟಿನಲ್ಲಿ ಮ್ಹೌ ನಗರದ ಸಮಾವೇಶದಲ್ಲಿ ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ಅವರು ಬೇರೆ ದೇಶದ ಮಾದರಿಯನ್ನು ನೋಡಿ ಅವಸರಪಡುವುದು ಬೇಡ, ಮೊದಲು ದೆಹಲಿಯಲ್ಲಿ ಸಂಯುಕ್ತ ಯೋಜನೆ ಹಾಗೂ ಸಮನ್ವಯದ ಕೇಂದ್ರವೊಂದಿರಲಿ ಎಂಬ ನಿಲುವನ್ನು ಮುಂದಿಟ್ಟರು. ಇದನ್ನು ಕೆಲವರು ಕುರ್ಚಿಯ ಜಗಳವೆಂದು ನಕ್ಕುಬಿಡುತ್ತಾರೆ. ಕುರ್ಚಿಯ ಪ್ರೀತಿ ಎಲ್ಲ ಇಲಾಖೆಗಳಲ್ಲೂ ಇದೆ. ನನ್ನ ಇಲಾಖೆಯಲ್ಲೂ ನೋಡಿದ್ದೇನೆ. ಆದರೆ ವಾದವನ್ನು ವಾದವಾಗಿಯೇ ತೂಗಬೇಕು.

ವಾಯುಪಡೆಯ ವಾದದ ಬುಡದಲ್ಲಿರುವುದು ಬಡತನ. ಸರ್ಕಾರ ಒಪ್ಪಿದ ಯುದ್ಧವಿಮಾನ ಸ್ಕ್ವಾಡ್ರನ್ನುಗಳ ಸಂಖ್ಯೆ 42. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಕೊನೆಯ ಮಿಗ್-21ಗಳು ನಿವೃತ್ತಿಯಾದಾಗ ಉಳಿದದ್ದು 29. ರಫೇಲ್ ವಿಮಾನಗಳು ಬಂದದ್ದು 36. ಹದಿನೆಂಟು ಪಶ್ಚಿಮದ ಅಂಬಾಲಾದಲ್ಲಿ, ಹದಿನೆಂಟು ಪೂರ್ವದ ಹಾಸಿಮಾರಾದಲ್ಲಿ. ಗಗನದಲ್ಲೇ ಇಂಧನ ತುಂಬಲೆಂದು ಕೊಂಡ ಇಲ್ಯೂಷಿನ್ ವಿಮಾನಗಳು ಆರು. ರಷ್ಯದ ವಿಮಾನದ ಬೆನ್ನ ಮೇಲೆ ಇಸ್ರೇಲಿನ ರೇಡಾರ್ ಹೊತ್ತ ದೊಡ್ಡ ಮುನ್ಸೂಚನಾ ವಿಮಾನಗಳು ಮೂರೇ ಮೂರು. ಮೂರನ್ನು ಮೂರು ರಂಗಗಳಿಗೆ ಒಂದೊಂದರಂತೆ ಹಂಚಿದರೆ ಲೆಕ್ಕ ಚೊಕ್ಕವಾಗಿ ಕಾಣುತ್ತದೆ. ಆದರೆ ಅವುಗಳಲ್ಲೊಂದು ದುರಸ್ತಿಗೆ ನಿಂತ ದಿನ ಒಂದು ರಂಗವೇ ಕುರುಡಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಮನೆ ಪಾಲಾದಾಗ ಬಂಗಾರ ಹಂಚಬಹುದು, ಪಾತ್ರೆ ಹಂಚಬಹುದು, ಹೊಲಕ್ಕೆ ಬದು ಹಾಕಬಹುದು. ಇರುವ ಒಂದೇ ಜೊತೆ ಎತ್ತನ್ನು ಅಣ್ಣನಿಗೊಂದು ತಮ್ಮನಿಗೊಂದು ಎಂದು ಹಂಚಿದರೆ ಇಬ್ಬರ ಹೊಲವೂ ಬೀಳು. ವಾಯುಪಡೆ ಹೆದರುತ್ತಿರುವುದು ಈ ಬಗೆಯ ಪಾಲಿಗೆ.

ಇದು ಕಾಲ್ಪನಿಕ ಭಯವೂ ಅಲ್ಲ. 1942–43ರಲ್ಲಿ ಉತ್ತರ ಆಫ್ರಿಕದ ಟ್ಯುನೀಸಿಯಾದಲ್ಲಿ ಮಿತ್ರರಾಷ್ಟ್ರಗಳು ತಮ್ಮ ವಿಮಾನಗಳನ್ನು ಆಯಾ ಭೂಸೇನಾಧಿಕಾರಿಯ ಕೈಗೆ ತುಣುಕು ತುಣುಕಾಗಿ ಕೊಟ್ಟಿದ್ದವು. ಪ್ರತಿಯೊಬ್ಬರೂ ತಮ್ಮ ತಲೆಯ ಮೇಲೊಂದು ಕೊಡೆ ಬೇಕೆಂದರು. ಒಟ್ಟುಗೂಡಿ ಶತ್ರುವಿನ ವಿಮಾನಬಲವನ್ನು ಮುರಿಯುವ ಶಕ್ತಿ ಎಲ್ಲಿಯೂ ಉಳಿಯಲಿಲ್ಲ. 1943ರ ಫೆಬ್ರವರಿಯಲ್ಲಿ ಕ್ಯಾಸರೀನ್ ಕಣಿವೆಯಲ್ಲಿ ಅಮೆರಿಕನ್ನರಿಗೆ ಭಾರಿ ಪೆಟ್ಟು ಬಿತ್ತು. ಅದೇ ತಿಂಗಳಿನಿಂದ ವಿಮಾನಗಳನ್ನು ಒಬ್ಬ ವಾಯುಸೇನಾಧಿಕಾರಿಯ ಕೆಳಗೆ ಒಗ್ಗೂಡಿಸುವ ಕೆಲಸ ನಡೆಯಿತು. ನೆಲದ ಬಲ, ವಾಯುಬಲ ಪರಸ್ಪರ ಸಮಾನ, ಒಂದು ಇನ್ನೊಂದರ ಅಡಿಯಾಳಲ್ಲ ಎಂದು ಅಮೆರಿಕದ ಸೇನೆ ಜುಲೈ ತಿಂಗಳಿನ ತನ್ನ ಕೈಪಿಡಿಯಲ್ಲಿ ಬರೆಯಿತು. ಆ ಪಾಠಕ್ಕೆ ತೆತ್ತ ಬೆಲೆ ಪ್ರಾಣಗಳು.

ಇಷ್ಟು ಹೇಳಿದ ಮೇಲೆ ವಾಯುಪಡೆಯ ಪಕ್ಷವನ್ನು ಪೂರ್ತಿಯಾಗಿ ಹಿಡಿದೆನೆಂದು ಓದುಗರು ಭಾವಿಸಬಾರದು. 'ವಾಯುಬಲ ಅವಿಭಾಜ್ಯ' ಎಂಬ ಸೂತ್ರ ಸತ್ಯವೂ ಹೌದು, ಅನುಕೂಲಕರ ಗುರಾಣಿಯೂ ಹೌದು. ಕಾರ್ಗಿಲಿನ ಆರಂಭದಲ್ಲಿ ಭೂಸೇನೆ ದಾಳಿಯ ಹೆಲಿಕಾಪ್ಟರುಗಳನ್ನು ಕೇಳಿತು. ಆ ಎತ್ತರದಲ್ಲಿ ಅವು ಕೆಲಸಕ್ಕೆ ಬಾರವು, ಮೇಲಾಗಿ ವಾಯುಬಲದ ಬಳಕೆಗೆ ಸರ್ಕಾರದ ಒಪ್ಪಿಗೆ ಬೇಕು ಎಂದು ವಾಯುಪಡೆ ಹೇಳಿತು. ಒಪ್ಪಿಗೆ ದೊರೆತು ದಾಳಿ ಆರಂಭವಾದದ್ದು ಮೇ 26ರಂದು. ಎರಡು ದಿನಗಳ ತರುವಾಯ ಎಂಐ-17 ಹೆಲಿಕಾಪ್ಟರೊಂದು ಕ್ಷಿಪಣಿಗೆ ಬಲಿಯಾಗಿ ನಾಲ್ವರು ಮಡಿದರು. ಹೆಲಿಕಾಪ್ಟರಿನ ಬಗ್ಗೆ ವಾಯುಪಡೆ ಕೊಟ್ಟ ಎಚ್ಚರಿಕೆ ನಿಜವಾಯಿತು. ಆದರೆ ಎಚ್ಚರಿಕೆ ಸರಿಯಾಗಿತ್ತೆಂಬುದು ವಿಳಂಬಕ್ಕೆ ಸಮಾಧಾನವಾಗದು. ಎರಡು ಪಡೆಗಳು ಒಂದೇ ಕೋಣೆಯಲ್ಲಿ ಮೊದಲೇ ಕುಳಿತಿದ್ದರೆ ಆ ವಾದ ಮುಗಿಯಲು ಎಷ್ಟು ಹೊತ್ತು ಬೇಕಿತ್ತು? ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಅಪಾಚೆ ಎಂಬ ಅಮೆರಿಕದ ದಾಳಿ ಹೆಲಿಕಾಪ್ಟರುಗಳನ್ನು ವಾಯುಪಡೆ 22 ಕೊಂಡಿತು; ಭೂಸೇನೆ ತನಗೆ ಪ್ರತ್ಯೇಕವಾಗಿ ಬೇಕೆಂದಾಗ 2020ರಲ್ಲಿ ಇನ್ನೂ ಆರಕ್ಕೆ ಒಪ್ಪಂದವಾಯಿತು. ಒಂದೇ ಯಂತ್ರ, ಎರಡು ಒಡೆತನ. ನಂಬಿಕೆ ಇಲ್ಲದ ಮನೆಯಲ್ಲಿ ಎರಡು ಒಲೆ ಉರಿಯುತ್ತವೆ.

ಹಾಗಾದರೆ ಗೆರೆಗಳನ್ನು ಅಳಿಸಿ ಬರೆದರೆ ಎಲ್ಲ ಸರಿಹೋದೀತೆ? ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 1971ರ ಡಿಸೆಂಬರಿನಲ್ಲಿ ಲೋಂಗೇವಾಲಾ ಠಾಣೆಯ ಮೇಲೆ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದ ರಾತ್ರಿ ಆ ರಂಗದ ಭೂಸೇನಾ ಕಮಾಂಡ್ ಇದ್ದುದು ಪುಣೆಯಲ್ಲಿ, ವಾಯು ಕಮಾಂಡ್ ಇದ್ದುದು ದೆಹಲಿಯಲ್ಲಿ. ನಕ್ಷೆಯ ದೃಷ್ಟಿಯಿಂದ ಇದಕ್ಕಿಂತ ಅನಾನುಕೂಲ ಇರಲಾರದು. ಆದರೂ ಸ್ಥಳದ ಸೇನಾಧಿಕಾರಿಗಳಿಗೂ ಜೈಸಲ್ಮೇರಿನ ವಾಯುನೆಲೆಗೂ ನೇರ ಸಂಪರ್ಕವಿದ್ದುದರಿಂದ ಬೆಳಕು ಹರಿಯುತ್ತಲೇ ಕೆಲವೇ ಹಂಟರ್ ವಿಮಾನಗಳು ಮೇಲೆದ್ದು ಟ್ಯಾಂಕುಗಳ ಸಾಲನ್ನು ಮರಳಿನಲ್ಲೇ ಸುಟ್ಟವು. ಇನ್ನೊಂದು, 2019ರ ಫೆಬ್ರವರಿ 27, ಶ್ರೀನಗರದ ಸಮೀಪದ ಬಡಗಾಂ. ಅಂದು ನಮ್ಮದೇ ಕ್ಷಿಪಣಿ ನಮ್ಮದೇ ಎಂಐ-17 ಹೆಲಿಕಾಪ್ಟರನ್ನು ಉರುಳಿಸಿತು. ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಅದು ದೊಡ್ಡ ತಪ್ಪೆಂದು ವಾಯುಪಡೆಯ ಮುಖ್ಯಸ್ಥರೇ ಅದೇ ವರ್ಷದ ಅಕ್ಟೋಬರಿನಲ್ಲಿ ಒಪ್ಪಿಕೊಂಡರು. ಹೊಡೆದವರೂ ಹೊಡೆಸಿಕೊಂಡವರೂ ಒಂದೇ ಪಡೆ, ಒಂದೇ ಕಮಾಂಡ್, ಒಂದೇ ನೆಲೆಯವರು.

ಒಂದೆಡೆ ಗೆರೆ ಅಡ್ಡವಿದ್ದರೂ ಮಾತು ತಲುಪಿತು. ಇನ್ನೊಂದೆಡೆ ಗೆರೆಯೇ ಇರದಿದ್ದರೂ ತಲುಪಲಿಲ್ಲ. ನನ್ನ ಮಟ್ಟಿಗೆ ಇಡೀ ವಿವಾದದ ತಿರುಳು ಇಷ್ಟೆ. ನಕ್ಷೆಯನ್ನು ಬದಲಿಸುವುದು ಒಂದು ಅಧಿಸೂಚನೆಯ ಕೆಲಸ. ಸಂಕಟದ ಗಳಿಗೆಯಲ್ಲಿ ಯಾರು ಯಾರಿಗೆ ಮಾತನಾಡಬೇಕು, ಯಾರ ಮಾತು ಅಂತಿಮ ಎಂಬುದನ್ನು ಶಾಂತಿಕಾಲದಲ್ಲೇ ತೀರ್ಮಾನಿಸಿ, ಅದನ್ನು ರೂಢಿಯಾಗಿಸುವುದು ವರ್ಷಗಳ ಕೆಲಸ. ಅಧಿಸೂಚನೆಯನ್ನು ಸಾಧನೆಯೆಂದು ತಿಳಿಯುವ ಚಟ ನಮ್ಮ ಸರ್ಕಾರಿ ಜಗತ್ತಿನಲ್ಲಿ ಇದೆ. ಇಲಾಖೆಗಳನ್ನು ಒಡೆದದ್ದನ್ನೂ ಮತ್ತೆ ಕೂಡಿಸಿದ್ದನ್ನೂ ಸೇವೆಯುದ್ದಕ್ಕೂ ಕಂಡಿದ್ದೇನೆ. ಫಲಕ ಬದಲಾಗುತ್ತದೆ, ಕಡತ ಸಾಗುವ ದಾರಿ ಅದೇ ಇರುತ್ತದೆ. ಕಛೇರಿಯಲ್ಲಿ ಇದರಿಂದ ಆಗುವ ನಷ್ಟ ಸಮಯ ಮಾತ್ರ. ಗಡಿಯಲ್ಲಿ ಆಗುವ ನಷ್ಟ ಜೀವ.

ಆದುದರಿಂದ ನನ್ನ ಸೂಚನೆಗಳು ಮೂರು.

ಮೊದಲನೆಯದು, ಸಮರರಂಗದ ಸಂಯುಕ್ತ ಕಮಾಂಡುಗಳು ಬರಲಿ; ಒಂದು ದಿಕ್ಕಿನ ಯುದ್ಧಕ್ಕೆ ಒಬ್ಬ ಹೊಣೆಗಾರ ಇರಲೇಬೇಕು. ಆದರೆ ಅವನಿಗೆ ಸೇರುವುದು ಯುದ್ಧದ ಯೋಜನೆ, ಗುರಿಗಳ ಆದ್ಯತೆ, ವಿಮಾನಗಳ ಒಡೆತನವಲ್ಲ. ದೂರ ಹಾರುವ ಯುದ್ಧವಿಮಾನ, ಇಂಧನ ವಿಮಾನ, ಮುನ್ಸೂಚನಾ ವಿಮಾನ, ದೊಡ್ಡ ಸಾಗಣೆ ವಿಮಾನಗಳ ಹಂಚಿಕೆ ಒಂದೇ ಕೇಂದ್ರದಲ್ಲಿ, ದಿನದಿನದ ಅಗತ್ಯ ನೋಡಿ ಆಗಬೇಕು. ಇದಕ್ಕೆ ಪ್ರತಿಯಾಗಿ ವಾಯುಪಡೆಯೂ ಕೈಬಿಚ್ಚಬೇಕು. ಸೈನಿಕರ ತಲೆಯ ಮೇಲೆಯೇ ಹಾರಿ ಹೋರಾಡುವ ದಾಳಿ ಹೆಲಿಕಾಪ್ಟರುಗಳನ್ನು ರಂಗದ ಮುಖ್ಯಸ್ಥನಿಗೆ ಪೂರ್ತಿಯಾಗಿ ಒಪ್ಪಿಸಬೇಕು. ಎಲ್ಲವೂ ನನ್ನದೆನ್ನುವವನ ಮಾತಿಗಿಂತ, ಕೊಡಬಹುದಾದದ್ದನ್ನು ಕೊಟ್ಟವನ ಮಾತಿಗೆ ಮಾತುಕತೆಯ ಮೇಜಿನಲ್ಲಿ ತೂಕ ಹೆಚ್ಚು.

ಎರಡನೆಯದು, ಆರಂಭ ಬೆಂಗಳೂರು ಮತ್ತು ನಾಗಪುರಗಳಿಂದ ಆಗಲಿ. 2019ರ ಸಂಪುಟ ನಿರ್ಣಯವನ್ನು ಇಂದು ಯಾರೂ ಪೂರ್ತಿ ಓದಿದಂತಿಲ್ಲ. ಸಂಯುಕ್ತ ಕಮಾಂಡುಗಳ ಮಾತಿನ ಜೊತೆಗೆ, ಸಾಗಣೆ, ತರಬೇತಿ, ಸಂಪರ್ಕ, ದುರಸ್ತಿ ಮತ್ತು ನಿರ್ವಹಣೆಗಳಲ್ಲಿ ಮೂರೂ ಪಡೆಗಳ ಐಕ್ಯವನ್ನು ಮೊದಲ ಮುಖ್ಯಸ್ಥರು ಅಧಿಕಾರ ವಹಿಸಿದ ಮೂರು ವರ್ಷಗಳೊಳಗೆ ಸಾಧಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಆ ಗಡುವು 2023ರ ಆರಂಭಕ್ಕೇ ಮುಗಿಯಿತು. ಎಲ್ಲರ ಗಮನ ಯುದ್ಧ ಮಾಡುವ ಕಮಾಂಡುಗಳ ಮೇಲೆ. ಹೆಬ್ಬಾಳದ ತರಬೇತಿ ಕಮಾಂಡನ್ನಾಗಲಿ ನಾಗಪುರದ ನಿರ್ವಹಣಾ ಕಮಾಂಡನ್ನಾಗಲಿ ಕೇಳುವವರಿಲ್ಲ. ಬೀದರಿನಲ್ಲಿ ಯುವ ಚಾಲಕರು ಹಾಕ್ ವಿಮಾನದಲ್ಲಿ ಪಳಗುವುದು, ಬೆಳಗಾವಿಯ ಸಾಂಬ್ರಾದಲ್ಲಿ ಹೊಸ ಅಗ್ನಿವೀರರು ಮೊದಲ ಕವಾಯತು ಕಲಿಯುವುದು ತರಬೇತಿ ಕಮಾಂಡಿನ ಆಶ್ರಯದಲ್ಲಿ. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ತಯಾರಿಸಿದ ಧ್ರುವ್ ಹೆಲಿಕಾಪ್ಟರ್ ಮೂರೂ ಪಡೆಗಳಲ್ಲಿ ಹಾರುತ್ತದೆ, ಕರಾವಳಿ ರಕ್ಷಣಾ ಪಡೆಯಲ್ಲೂ ಹಾರುತ್ತದೆ. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ಪಡೆಯ ಧ್ರುವ್ ಬಿದ್ದು ಮೂವರು ಸತ್ತಾಗ ಎಲ್ಲ ಪಡೆಗಳ ಧ್ರುವ್‌ಗಳೂ ನೆಲಕ್ಕಿಳಿದವು. ಲೋಹಕ್ಕೆ ಪಡೆಯ ಭೇದವಿಲ್ಲ. ಅದನ್ನು ಬಿಚ್ಚಿ ಜೋಡಿಸುವ ಕುಶಲಕರ್ಮಿಯ ಶಿಕ್ಷಣಕ್ಕೆ, ಬಿಡಿಭಾಗಗಳ ಉಗ್ರಾಣಕ್ಕೆ ಆ ಭೇದವೇಕೆ? ಇಲ್ಲಿ ಐಕ್ಯ ಸಾಧಿಸಿದರೆ ಯಾರ ಯುದ್ಧತಂತ್ರಕ್ಕೂ ಧಕ್ಕೆಯಿಲ್ಲ. ಇಷ್ಟು ಸುಲಭವಾದದ್ದನ್ನು ಮಾಡದವರು ಕಷ್ಟವಾದದ್ದನ್ನು ಮಾಡುತ್ತೇವೆಂದರೆ ನಂಬುವುದು ಹೇಗೆ?

ಮೂರನೆಯದು, ಒಂದೇ ಊರು. ಹೊಸ ಸಂಯುಕ್ತ ಕಮಾಂಡುಗಳಿಗಾಗಿ ಹದಿನೆಂಟನೆಯ, ಹತ್ತೊಂಬತ್ತನೆಯ ಊರಿನಲ್ಲಿ ಅಡಿಗಲ್ಲು ಹಾಕುವ ಬದಲು ಇರುವ ಕಛೇರಿಗಳನ್ನೇ ಒಟ್ಟುಗೂಡಿಸಬೇಕು. ಶಿಲ್ಲಾಂಗಿಗೂ ಗಾಂಧಿನಗರಕ್ಕೂ ವಾಯುಪಡೆ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಹೋಗಿದೆ, ಈಗಲೂ ಹೋಗಬಹುದು. ಭೂಸೇನೆಗೂ ಅದೇ ಮಾತು.

ಯಂತ್ರಗಳು ನಮಗಿಂತ ಮೊದಲೇ ಒಂದಾಗಿವೆ ಎಂಬುದು ಈ ಕತೆಯ ಸೋಜಿಗ. ದೇಶದ ವಾಯುಪಡೆಯ ರೇಡಾರುಗಳನ್ನು ಬೆಸೆಯುವ ಸಂಯೋಜಿತ ನಿಯಂತ್ರಣ ಜಾಲವನ್ನೂ, ಭೂಸೇನೆಯ ವಿಮಾನನಾಶಕ ಫಿರಂಗಿಗಳನ್ನು ಬೆಸೆಯುವ 'ಆಕಾಶತೀರ್' ಜಾಲವನ್ನೂ ಸಿದ್ಧಪಡಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. 2025ರ ಮೇ ತಿಂಗಳಿನಲ್ಲಿ ಡ್ರೋನುಗಳೂ ಕ್ಷಿಪಣಿಗಳೂ ನುಗ್ಗಿಬಂದಾಗ ಈ ಎರಡು ಜಾಲಗಳು ಪರಸ್ಪರ ಕೈಹಿಡಿದು ಕೆಲಸ ಮಾಡಿದವು. ಪರದೆಯ ಮೇಲೆ ಮೂಡಿದ ಚುಕ್ಕೆ ಯಾವ ಕಮಾಂಡಿನ ಎಲ್ಲೆಯೊಳಗೆ ಬಂತೆಂದು ಯಾರನ್ನೂ ಕೇಳಲಿಲ್ಲ.

'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂಬ ಮಾತು ನಮ್ಮಲ್ಲಿ ಹಾಸ್ಯಕ್ಕೆ ಬಳಕೆಯಾಗುತ್ತದೆ. ಸೇನೆಯ ರಚನೆಯ ವಿಷಯದಲ್ಲಿ ಅದು ಹಾಸ್ಯವಲ್ಲ. 1962ರ ನಂತರ ಒಂದು ಕಮಾಂಡ್ ಊರು ಬದಲಿಸಿತು. 1999ರ ನಂತರ ಒಂದು ಸಮಿತಿ ಕುಳಿತಿತು. ನಮ್ಮ ಪ್ರತಿಯೊಂದು ಸುಧಾರಣೆಯ ಹಿಂದೆಯೂ ಯುದ್ಧವೊಂದಿದೆ, ಯುದ್ಧದ ಹಿಂದೆ ಯಾರದೋ ಮನೆಯ ಖಾಲಿಯಾದ ಕೋಣೆಯಿದೆ. ಈ ಬಾರಿಯಾದರೂ ಆ ಕ್ರಮವನ್ನು ಮುರಿದು, ಮುಂದಿನ ಯುದ್ಧಕ್ಕೆ ಮುನ್ನವೇ ಮೂರು ಪಡೆಗಳ ಹಿರಿಯರು ಒಂದು ಕೋಣೆಯಲ್ಲಿ ಕುಳಿತು ಮಾತು ಮುಗಿಸಲಿ. ವಿಮಾನ ನಿಲ್ದಾಣದ ದಾರಿಯಲ್ಲಿ ಸುಬ್ರೊತೊ ಪಾರ್ಕಿನ ಗೋಡೆಯನ್ನು ನೋಡುತ್ತ ಹೋಗುವ ಸಾಮಾನ್ಯ ತೆರಿಗೆದಾರನಿಗೆ ಇಷ್ಟನ್ನು ಕೇಳುವ ಹಕ್ಕಿದೆ. ಆ ಗೋಡೆಯ ಒಳಗಿರುವವರು ಕಾಯುತ್ತಿರುವುದು ಅವನ ತಲೆಯ ಮೇಲಿನ ಆಕಾಶವನ್ನೇ.